ಎಲೆ ಮಲಗುವ ಅಂಗಡಿ

ನಮ್ಮ ಅಕ್ಕ ಅಂಗಡಿಯ ಒಳಕೋಣೆಯಲ್ಲಿ ಯಾರನ್ನೂ ಗಟ್ಟಿಯಾಗಿ ಮಾತಾಡಲು ಬಿಡುತ್ತಿರಲಿಲ್ಲ. ಯಾರಾದರೂ ದನಿ ಎತ್ತಿದರೆ ತುಟಿಯ ಮೇಲೆ ಬೆರಳಿಟ್ಟು, "ಸಾವಕಾಶ ಮಾತಾಡ್ರಿ, ಎಲಿ ಮಲಗ್ಯಾವು" ಎನ್ನುತ್ತಿದ್ದಳು. ಹೊಸ ಗಿರಾಕಿಗಳು ನಗುತ್ತಿದ್ದರು. ಹಳಬರು ನಿಜಕ್ಕೂ ದನಿ ಇಳಿಸುತ್ತಿದ್ದರು. ಒಮ್ಮೆ ಶಿಗ್ಗಾವಿ ಕಡೆಯ ಗೌಡರೊಬ್ಬರು ಮಗಳ ಮದುವೆಗೆ ಎಲೆ ಒಯ್ಯಲು ಬಂದು, ಫೋನಿನಲ್ಲಿ ಯಾರನ್ನೋ ಬೈಯುತ್ತಲೇ ಒಳಗೆ ನುಗ್ಗಿದರು.

"ಗೌಡ್ರ, ಜಗಳ ಹೊರಗ ಕಟ್ಟಿ ಮ್ಯಾಲೆ ಮುಗಿಸಿ ಬರ್ರಿ. ಇಲ್ಲಿ ಕೂಸುಗೋಳು ಮಲಗ್ಯಾವು."

ಗೌಡರು ಗಾಬರಿಯಾಗಿ ಫೋನ್ ಮುಚ್ಚಿ ಕೂಸುಗಳನ್ನು ಹುಡುಕಿದರು. ಕಂಡದ್ದು ಒದ್ದೆ ಅರಿವೆ ಹೊದ್ದ ವೀಳ್ಯದೆಲೆ ಬುಟ್ಟಿಗಳು. ಮುಂದೆ ಪ್ರತಿ ಸಲ ಬಂದಾಗಲೂ ಅವರು ಮೆಟ್ಟಿಲಲ್ಲೇ ನಿಂತು, "ಎದ್ದಾವೇನವಾ ನಿನ್ನ ಕೂಸು?" ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದರು.

ನಾನು ಅವಳ ತಮ್ಮ. ಐದನೇ ಇಯತ್ತೆಗೆ ಶಾಲೆ ಬಿಟ್ಟವನು, ಗೋಡೆ ಕಟ್ಟುವ ಗೌಂಡಿ ಕೆಲಸ ಮಾಡಿ ಬದುಕಿದವನು. ಬರೆದು ರೂಢಿಯಿಲ್ಲ. ಆದರೂ ಬರೆಯುತ್ತಿದ್ದೇನೆ. ಅಕ್ಕ ಹೋದ ಮೇಲೆ ಅವಳ ಬಗ್ಗೆ ಜನ ಬಹಳ ಒಳ್ಳೆಯ ಮಾತಾಡಿದರು. ಸವಣೂರಿನ ಪೇಟೆಯಲ್ಲಿ ಇಂದು ಒಂದು ಹಳೆಯ ಅಂಗಡಿ ಸರಕಾರದ ಸಂರಕ್ಷಿತ ಕಟ್ಟಡವಾಗಿ ನಿಂತಿದೆ ಎಂದರೆ ಅದು ಅವಳಿಂದ. ಅದು ಸತ್ಯ. ಆದರೆ ಆ ಮಾತಿನ ಬಾಲಕ್ಕೆ ಎಲ್ಲರೂ ಇನ್ನೊಂದು ಮಾತು ಸೇರಿಸುತ್ತಾರೆ: "ಮೊದಲು ಕೆಡಿಸಿದಾಕಿನೂ ಆಕಿನ." ಇದು ಸುಳ್ಳು. ಈ ಸುಳ್ಳಿನ ನೆರಳಲ್ಲಿ ನಾನು ಬಹಳ ದಿನ ತಂಪಾಗಿ ಕುಳಿತಿದ್ದೆ.

ಮೊದಲು ಅಂಗಡಿ ಹೇಗಿದೆ ಹೇಳುತ್ತೇನೆ. ಖಾರ ಕರಿದು ಮಾರುವ ಅಂಗಡಿಗಳ ಸಾಲು ಮುಗಿಯುವಲ್ಲಿ, ಬೀದಿಯಿಂದ ಸೊಂಟದೆತ್ತರ ಏರಿದ ಕಲ್ಲುಕಟ್ಟೆ. ಕಟ್ಟೆಯ ಮೇಲೆ ಸಾಗವಾನಿ ಕಂಬಗಳು, ಕಂಬದ ತಲೆಗೆ ಬಾಳೆಹೂವಿನಂತೆ ಕಡೆದ ಬೋದಿಗೆ. ಬೀದಿಗೆ ಬಾಗಿಲೆಂಬುದಿಲ್ಲ, ಒಂದರ ಪಕ್ಕ ಒಂದು ಹಲಗೆ ನಿಲ್ಲಿಸಿ ಅಂಗಡಿ ಮುಚ್ಚುವುದು. ಮೇಲೆ ಮಣ್ಣಿನ ಮಾಳಿಗೆ. ಇಷ್ಟು ಬೀದಿಗೆ ಕಾಣುವುದು. ಇದರ ಹಿಂದೆ ಉದ್ದನೆಯ ಒಳಕೋಣೆ. ಜೀವ ಇರುವುದು ಅಲ್ಲಿ. ಗೋಡೆ ಎಷ್ಟು ದಪ್ಪ ಎಂದರೆ ಅಕ್ಕನ ಮಗಳು ಸಣ್ಣವಳಿದ್ದಾಗ ಗೋಡೆಯೊಳಗಿನ ಗೂಡಿನಲ್ಲಿ ಕಾಲು ಚಾಚಿ ನಿದ್ದೆ ಮಾಡುತ್ತಿದ್ದಳು. ಉತ್ತರದ ಗೋಡೆಗೆ ನೆಲದ ಸಮೀಪ ಮುಷ್ಟಿ ಹಿಡಿಸುವಷ್ಟು ಕಿಂಡಿಗಳಿವೆ. ಎದುರು ಗೋಡೆಗೆ ಮಾಳಿಗೆಯ ಹತ್ತಿರ ಅಂಥವೇ ಕಿಂಡಿಗಳು. ಗಾಳಿ ಕೆಳಗಿನಿಂದ ಬಂದು ಮೇಲಿಂದ ಹೋಗುತ್ತದೆ. ಹಾಸುಗಲ್ಲಿನ ನಡುವೆ ಸಣ್ಣ ಕಾಲುವೆಯಿದೆ, ಬೆಳಿಗ್ಗೆ ಅದರಲ್ಲಿ ನೀರು ಬಿಡುತ್ತೇವೆ. ಗೋಡೆಗೆ ಸುಣ್ಣದ ಗಾರೆ. ಗಾರೆ ಆ ನೀರಿನ ತಂಪನ್ನು ಕುಡಿದು ದಿನವಿಡೀ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಸುಡುವ ಬೇಸಿಗೆಯಲ್ಲೂ ಎಲೆ ಅಲ್ಲಿ ತೋಟದಲ್ಲಿದ್ದಷ್ಟೇ ಹಸಿರಾಗಿ ಇರುತ್ತಿತ್ತು.

ಇದನ್ನು ಯಾರು ಕಟ್ಟಿದರು ಎಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಅಕ್ಕನ ಬಾಯಿಗೆ ಒಗ್ಗದ ಮಾತು. ಹುಬ್ಬಳ್ಳಿಯವರು ಕೇಳಿದರೆ, "ನವಾಬರ ಖಜಾನಿ ಇತ್ರಿ ಇದು." ಹೆಂಗಸರು ಕೇಳಿದರೆ, "ಬೇಗಮ್ಮನ ಸೀರಿ ಇಡ್ತಿದ್ರು." ಒಮ್ಮೆ ಒಬ್ಬ ಹುಡುಗಿಗೆ, ಇಲ್ಲಿ ನವಾಬರ ಆನೆ ಕಟ್ಟುತ್ತಿದ್ದರು ಎಂದಳು.

"ಆನಿ ಈ ಬಾಗಲಾಗ ಹೆಂಗ ಒಳಗ ಬಂತಬೇ?"

"ಸಣ್ಣದಿದ್ದಾಗ ಬಂತು."

"ಯಕ್ಕಾ, ಎಷ್ಟು ಸುಳ್ಳು ಹೇಳ್ತಿ?" ಎಂದು ನಾನು ಕೇಳಿದರೆ, "ಸುಳ್ಳಲ್ಲೋ, ಗೊತ್ತಾಗೂ ತನಕ ಏನರ ಒಂದು ಇರಬೇಕಲ್ಲ" ಎಂದು ನಕ್ಕಳು.

ಅವಳ ಗಂಡ ಬೇಗ ತೀರಿಕೊಂಡ. ಎಳೆ ಮಗಳನ್ನು ಎತ್ತಿಕೊಂಡು ತವರಿಗೆ ಬಂದವಳನ್ನು ಅಪ್ಪ ಅಂಗಡಿಯ ಗಾದಿಯ ಮೇಲೆ ಕೂರಿಸಿದ. ರೂಢಿಯಂತೆ ಅದು ನಾನು ಕೂರಬೇಕಾದ ಜಾಗ. ಆದರೆ ಅಪ್ಪ ಗಿರಾಕಿಗಳ ಎದುರೇ, "ಇವನ ಕೈ ಬಿಸಿ. ಇವ ಮುಟ್ಟಿದ ಎಲಿ ಸಂಜಿಗೆ ಬಾಡತೈತಿ" ಎಂದಿದ್ದ. ಎಲೆ ವ್ಯಾಪಾರದವರು ಇದನ್ನು ಖರೇನೇ ನಂಬುತ್ತಾರೆ. ಕೆಲವರ ಕೈ ತಂಪು, ಕೆಲವರ ಕೈ ಬಿಸಿ. ನನ್ನ ಪಾಲಿಗೆ ಬಿಸಿ ಬಂತು. ನಾನು ಕರಣೆ ಹಿಡಿದು ಗೌಂಡಿಗಳ ಹಿಂದೆ ಹೋದೆ.

ಗಂಡ ಸತ್ತ ಹೆಂಗಸಿನ ಕೈಯಿಂದ ಮದುವೆಗೆ ಎಲೆ ಒಯ್ಯುವುದು ಹೇಗೆ ಎಂದು ಪೇಟೆಯಲ್ಲಿ ಗುಸುಗುಸು ಶುರುವಾಯಿತು. ಹಾನಗಲ್ಲಿನಿಂದ ಬಂದ ಒಬ್ಬ ಹಿರಿಯಳು ಕಟ್ಟೆಯ ಮೇಲೆ ನಿಂತು, ಒಳಗೂ ಬರದೆ ಹಿಂದಕ್ಕೂ ಹೋಗದೆ ಒದ್ದಾಡುತ್ತಿದ್ದಳು. ಅಕ್ಕ ಒಳಗೆ ಹೋಗಿ ಒಂದು ಬುಟ್ಟಿ ತಂದಳು. ಅದರ ಹಿಡಿಕೆಗೆ ಹಸಿರು ಗಾಜಿನ ಬಳೆ ತೊಡಿಸಿದ್ದಳು.

"ನನ್ನ ಕೈಯಿಂದ ಬ್ಯಾಡ ಬಿಡಬೇ ಯವ್ವಾ. ಇಕಿ ಮುತ್ತೈದಿ ಅದಾಳ, ಇಕಿ ಕಡಿಂದ ತಗೋ."

ಆ ಹಿರಿಯಳಿಗೆ ನಗು ತಡೆಯಲಾಗಲಿಲ್ಲ. ಎಲೆ ತೆಗೆದುಕೊಂಡಳು. ಆಮೇಲೆ ಅದೇ ಪದ್ಧತಿಯಾಯಿತು. ಮದುವೆ ಮುಗಿಸಿದ ಮನೆಯವರು ಬಂದು ಬುಟ್ಟಿಗೆ ಬಳೆ ತೊಡಿಸಿ ಹೋಗುತ್ತಿದ್ದರು. ಬುಟ್ಟಿಯ ಹಿಡಿಕೆ ಬಳೆಯಿಂದ ತುಂಬಿ, ಎತ್ತಿದರೆ ಝಲ್ಲೆನ್ನುತ್ತಿತ್ತು. ಎಲೆ ಮಲಗುವ ಕೋಣೆಯಲ್ಲಿ ಆ ಒಂದು ಸದ್ದಿಗೆ ಮಾತ್ರ ಅವಳ ಪರವಾನಗಿ ಇತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅಪ್ಪ ತೀರಿಕೊಂಡು ವರ್ಷಗಳಾಗಿದ್ದವು. ಅಕ್ಕನ ಮಗಳನ್ನು ಮಾಸೂರಿಗೆ ಕೊಟ್ಟಿದ್ದೆವು. ಒಳಕೋಣೆಯ ಗಾರೆ ಅಲ್ಲಲ್ಲಿ ಹಪ್ಪಳದಂತೆ ಏಳತೊಡಗಿತ್ತು. ಅಕ್ಕ ಅದಕ್ಕೆ ವರ್ಷಾ ವರ್ಷಾ ಸುಣ್ಣ ಬಳಿಯುತ್ತಿದ್ದಳು, ಅಷ್ಟೇ. ಒಮ್ಮೆ ಅವಳು ಬಂಧುಗಳ ಮದುವೆಗೆಂದು ತಿಳವಳ್ಳಿಗೆ ಹೋದಳು. ಅಂಗಡಿ ಕೆಲವು ದಿನ ಮುಚ್ಚಿತ್ತು. ಹಿರೇಕೆರೂರಿನಲ್ಲಿ ನಾನು ಹಿಡಿದಿದ್ದ ಕೆಲಸ ಮುಗಿದು ಸಿಮೆಂಟ್ ಉಳಿದಿತ್ತು. ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ಒಳಕೋಣೆಗೆ ಪೂರ್ತಿ ಸಿಮೆಂಟಿನ ಗಿಲಾವು ಮಾಡಿಬಿಟ್ಟೆ. ಸಿಮೆಂಟ್ ಕಚ್ಚಿಕೊಳ್ಳಲೆಂದು ಹಳೆಯ ಗೋಡೆಗೆ ಮೊದಲು ಉಳಿಯಿಂದ ಕಚ್ಚು ಹೊಡೆದೆ. ಇಲಿ ಬರುತ್ತವೆ ಎಂದು ಕೆಳಗಿನ ಕಿಂಡಿಗಳನ್ನೂ ಮುಚ್ಚಿದೆ.

ಅಕ್ಕನಿಗೆ ಸಂತೋಷವಾಗಲಿ ಎಂದು ಮಾಡಿದೆ ಎಂದು ಬಹಳ ದಿನ ನನಗೇ ಹೇಳಿಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ಬಿಸಿ ಕೈಯವನೆಂದು ಅಪ್ಪ ದೂರವಿಟ್ಟ ಕೋಣೆಯಲ್ಲಿ ನನ್ನ ಕೈಗುರುತು ಉಳಿಯಲಿ ಎಂಬ ಹಟ ಅದರಲ್ಲಿತ್ತು.

ಊರಿಗೆ ಮರಳಿದ ಅಕ್ಕ ಗೋಡೆಯ ಮೇಲೆ ಅಂಗೈ ಆಡಿಸಿದಳು. ಮುಚ್ಚಿದ ಕಿಂಡಿಗಳ ಮುಂದೆ ಸ್ವಲ್ಪ ಹೊತ್ತು ಕುಳಿತಳು. ಆಮೇಲೆ, "ಛಲೋ ಮಾಡೀದಿ ತಮ್ಮಾ. ಕನ್ನಡಿ ಆಗೈತಿ" ಎಂದಳು. ಅಂದು ಗೋಧಿ ಹುಗ್ಗಿ ಮಾಡಿ ಉಣ್ಣಿಸಿದಳು.

ಮಳೆಗಾಲ ಬಂತು, ಎಲೆ ಕಪ್ಪಾಗತೊಡಗಿದವು. ಒಳಗಿಟ್ಟ ಬುಟ್ಟಿ ಎರಡನೇ ದಿನಕ್ಕೆ ನಾರುತ್ತಿತ್ತು. ಅಕ್ಕ ಗಿರಾಕಿಗಳಿಗೆ "ಈ ಸಲ ತೋಟದಾಗನ ರೋಗ ಐತ್ರಿ" ಎಂದಳು. ತೋಟದವರು ಬಂದು ಜಗಳಾಡಿದರು. ಆಗ ತಪ್ಪನ್ನು ಮಳೆಯ ಮೇಲೆ ಹಾಕಿದಳು. ಗೋಡೆಯ ಹೆಸರನ್ನು ಒಮ್ಮೆಯೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಒಳಗೆ ಸಿಕ್ಕಿಕೊಂಡ ನೀರಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಒಳಕೋಣೆಯ ಬೀದಿ ಕಡೆಯ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತು. ಊರಿನ ಕಚೇರಿಯವರು ಬಂದು ನೋಡಿ, ಕಟ್ಟಡ ಅಪಾಯದಲ್ಲಿದೆ, ಕೆಡವಬೇಕು ಎಂದು ನೋಟೀಸು ಹಚ್ಚಿದರು.

ಆ ನೋಟೀಸಿನ ಮುಂದೆ ನಿಂತ ಅಕ್ಕನನ್ನು ಜನ ಸಮಾಧಾನ ಮಾಡಲು ಬಂದರು. ಅವಳು ಅಳುತ್ತಿರಲಿಲ್ಲ. "ಅಕ್ಷರ ಎಷ್ಟು ದುಂಡಗ ಬರದಾರ ನೋಡ್ರಿ. ನನ್ನ ಅಂಗಡಿಗೆ ಇಷ್ಟು ಛಂದ ಯಾರೂ ಬರದಿರಲಿಲ್ಲ" ಎಂದಳು. ಮರುದಿನವೇ ಬಸ್ಸು ಹತ್ತಿ ಧಾರವಾಡಕ್ಕೆ ಹೋದಳು. ಹಳೆಯ ಕಟ್ಟಡಗಳನ್ನು ಕಾಯುವ ಇಲಾಖೆ ಇದೆಯೆಂದು ಯಾರೋ ಗಿರಾಕಿ ಹೇಳಿದ್ದರು. ಎಲ್ಲಿದೆ, ಯಾರನ್ನು ಕೇಳಬೇಕು ಏನೂ ತಿಳಿಯದು. ಕಂಡ ಕಂಡ ಕಚೇರಿಯಲ್ಲಿ ಒಂದೊಂದು ಕಟ್ಟು ಎಲೆ ಇಟ್ಟು, "ಇದರ ಮನಿ ಕೆಡವಾಕತ್ತಾರ್ರೀ" ಎನ್ನುತ್ತ ಹೋದಳಂತೆ. ಹಾಗೆ ಹುಡುಕಿ ಆ ಇಲಾಖೆಯ ಒಬ್ಬ ಮೇಡಂ ಅವರನ್ನು ಬಂದು ನೋಡಲು ಒಪ್ಪಿಸಿದಳು.

ಮೇಡಂ ಬಂದರು. ಒಳಕೋಣೆಯಲ್ಲಿ ಆಗ ನಾವು ಮೂರೇ ಜನ. ಗೋಡೆ ಬಡಿದು ನೋಡಿ ಅವರ ಮುಖ ಇಳಿಯಿತು. "ಇದಕ್ಕೆ ಸಿಮೆಂಟ್ ಯಾವಾಗ ಹಾಕಿದ್ರಿ? ನೀವು ಗೌಂಡಿ ಅಲ್ವಾ, ನೀವು ಹೇಳಿ" ಎಂದು ನನ್ನನ್ನು ಕೇಳಿದರು.

ನನ್ನ ಬಾಯಿಂದ ಬಂದದ್ದು ಇದು: "ನಮ್ಮ ಅಪ್ಪನ ಕಾಲದ್ದು ಇರಬೇಕ್ರಿ."

ಮೇಡಂ ಉಸಿರು ಬಿಟ್ಟರು. "ಅಷ್ಟು ವರ್ಷ ಆಗಿದ್ರೆ ಒಳಗಿನ ಗಾರೆ ಪೂರ್ತಿ ಹಾಳಾಗಿರುತ್ತೆ. ಉಳಿಸೋದಕ್ಕೆ ಏನೂ ಇರೋದಿಲ್ಲ." ಅವರು ಚೀಲ ಹೆಗಲಿಗೇರಿಸಿದರು.

ನನ್ನ ಒಂದು ಸುಳ್ಳಿಗೆ ಕಟ್ಟಡ ಬೀಳುವುದು ನನಗೆ ಕಾಣುತ್ತಿತ್ತು.

"ಇಲ್ರಿ ಬಾಯಾರ" ಎಂದಳು ಅಕ್ಕ. "ಅವ ನನ್ನ ಮಾನ ಕಾಯಾಕ ಹಂಗ ಅಂದ. ಹೋದ ವರ್ಷ ನಾನ ಮಾಡಿಸಿದ್ದು. ಅವ ಬ್ಯಾಡ ಬ್ಯಾಡ ಅಂದ, ನಾನ ಕೇಳಲಿಲ್ಲ. ಹೆಂಗಸಿನ ಬುದ್ಧಿ, ಗ್ವಾಡಿ ಹೊಳೀಲಿ ಅಂತ ಆಸೆ ಆತು. ನಮ್ಮ ಅಪ್ಪ ಇದ್ದಿದ್ರ ನನ್ನ ಕೈ ಮುರೀತಿದ್ದ."

ಮೇಡಂ ಅವಳನ್ನು ಚೆನ್ನಾಗಿ ಬೈದರು. ಸುಣ್ಣದ ಗೋಡೆ ಉಸಿರಾಡುತ್ತದೆ, ಸಿಮೆಂಟ್ ಅದರ ಮೂಗು ಮುಚ್ಚುತ್ತದೆ, ಇಷ್ಟು ವರ್ಷ ಅಂಗಡಿ ನಡೆಸಿ ನಿಮಗೆ ಗೊತ್ತಾಗಲಿಲ್ಲವೇ, ತಮ್ಮ ಹೇಳಿದರೂ ಕೇಳಬಾರದೇ ಎಂದರು. ಅಕ್ಕ ಸೆರಗು ಹೊದ್ದು, ಶಾಲೆಯಲ್ಲಿ ಬೈಸಿಕೊಳ್ಳುವ ಹುಡುಗಿಯಂತೆ ತಲೆ ಬಗ್ಗಿಸಿ ನಿಂತಿದ್ದಳು. ಕೊನೆಗೆ ಮೇಡಂ, "ಒಂದೇ ವರ್ಷ ಆಗಿದ್ರೆ ಗಾರೆ ಬದುಕಿರಬಹುದು. ಹುಷಾರಾಗಿ ಕೀಳಿಸಿ. ಮತ್ತೆ ಬರ್ತೀನಿ" ಎಂದು ಹೊರಟರು.

ಅವರ ಗಾಡಿ ತಿರುವು ದಾಟುವ ಮೊದಲೇ ಅಕ್ಕ ಉಳಿ ಸುತ್ತಿಗೆ ತಂದು ನನ್ನ ಕೈಗೆ ಕೊಟ್ಟಳು. "ಹೊಡಿ" ಎಂದಳು.

ನಾನು ಹೊಡೆದೆ. ಬಾಗಿಲ ಪಕ್ಕದಿಂದ ಶುರು ಮಾಡಿ ಮೆಲ್ಲಗೆ ಸರಿದೆ. ಸಿಮೆಂಟ್ ಹೆಂಟೆ ಹೆಂಟೆಯಾಗಿ ಬಿದ್ದಿತು. ಅದರ ಬೆನ್ನಿಗೆ ತಲೆಮಾರುಗಳು ಬಳಿದ ಸುಣ್ಣವೂ ಅಂಟಿ ಬಂತು. ಅಡಿಯಲ್ಲಿ ಹಳೆಯ ಗಾರೆ ಒದ್ದೆಯಾಗಿ, ಪಾಚಿ ನಾರುತ್ತ, ಆದರೆ ಗಟ್ಟಿಯಾಗಿ ಇತ್ತು. ಉತ್ತರದ ಗೋಡೆಯಲ್ಲಿ ಕಣ್ಣಿನ ಎತ್ತರಕ್ಕೆ ಬಂದಾಗ ನನ್ನ ಕೈ ನಿಂತಿತು. ಗಾರೆಯಲ್ಲಿ ಒಂದು ಎಲೆ ಇತ್ತು. ಚಿತ್ರವಲ್ಲ. ಹಸಿ ಗಾರೆಗೆ ಯಾರೋ ನಿಜವಾದ ವೀಳ್ಯದೆಲೆ ಒತ್ತಿ ತೆಗೆದ ಗುರುತು. ತೊಟ್ಟು, ನಡುವಿನ ನರ, ಅಂಚಿನ ಬಳುಕು ಎಲ್ಲ ಕಾಣುತ್ತಿತ್ತು. ಅದರ ಪಕ್ಕ ಇನ್ನೊಂದು. ಅದರಾಚೆ ಮತ್ತೊಂದು. ಕೋಣೆಯ ಸುತ್ತ ಬಳ್ಳಿ ಹಬ್ಬಿದಂತೆ ಎಲೆಯ ಸಾಲು ಹೋಗಿತ್ತು.

ಅಕ್ಕ ದೀಪ ಹಿಡಿದು ಗೋಡೆಗೆ ಮೂಗು ತಾಗಿಸಿ ನೋಡಿದಳು. ನಾನು ಎಂದೂ ಕೇಳಿರದಂಥ ದನಿಯಲ್ಲಿ, ಆ ಕೋಣೆಯೊಳಗೇ ನಿಂತು, ಕೂಗಿದಳು.

"ನವಾಬಂದಲ್ಲೋ! ಬೇಗಮ್ಮಂದಲ್ಲೋ! ಇದು ಮೊದಲಿಂದನೂ ಎಲೀದ! ಎಲಿ ಸಲುವಾಗಿನ ಕಟ್ಟ್ಯಾರೋ ತಮ್ಮಾ!"

ಅವಳಿಗೆ ಅಷ್ಟು ವರ್ಷ ಸಿಗದಿದ್ದ ಇತಿಹಾಸ ಸಿಕ್ಕಿತ್ತು. ನನಗೆ ಬೇರೆಯದು ಕಂಡಿತು. ಹಲವು ಎಲೆಗಳ ಮೈಮೇಲೆ ನನ್ನ ಉಳಿಯ ಕಚ್ಚು ಇದ್ದವು. ಕೆಲವು ಎಲೆ ಅರ್ಧಕ್ಕೆ ಹಾರಿಹೋಗಿದ್ದವು. "ನಿನ್ನ ಸಿಮೆಂಟ್ ಎಳಕೊಂಡು ಬರದಿದ್ರ ಇವು ಸುಣ್ಣದಾಗನ ಇರತಿದ್ವು ಬಿಡು" ಎಂದು ಅಕ್ಕ ನನ್ನ ಬೆನ್ನು ಸವರಿದಳು. ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ಸುಣ್ಣವನ್ನು ಮೆತ್ತನೆಯ ಕುಂಚದಿಂದಲೂ ತೆಗೆಯಬಹುದಿತ್ತು ಎಂದು ಮೇಡಂ ಆಮೇಲೆ ಹೇಳಿದರು.

ಮುಚ್ಚಿದ್ದ ಕಿಂಡಿಗಳನ್ನು ತೆರೆದು ಬೇಸಿಗೆ ಪೂರ್ತಿ ಗೋಡೆಯನ್ನು ಒಣಗಲು ಬಿಟ್ಟೆವು. ಮೇಡಂ ಹೇಳಿಕೊಟ್ಟಂತೆ ಸುಣ್ಣ ಕೊಳೆಯಿಸಿ, ಮರಳು ಸೇರಿಸಿ, ಬೆಲ್ಲದ ನೀರು ಹಾಕಿ ಅರೆದು, ಉಬ್ಬಿ ಹಾಳಾದ ಕಡೆಯೆಲ್ಲ ನಾನು ಹೊಸ ಗಾರೆ ತುಂಬಿದೆ. ಗಾರೆಯನ್ನು ಸಿಮೆಂಟಿನಂತೆ ಎಳೆದು ಬಿಡಲಾಗದು. ದಿನಗಟ್ಟಲೆ ಅಂಗೈಯಿಂದ ಒತ್ತುತ್ತಿರಬೇಕು. ಅಕ್ಕ ಬಾಗಿಲಲ್ಲಿ ಕುಳಿತು ಕೀಟಲೆ ಮಾಡುತ್ತಿದ್ದಳು. "ಅಪ್ಪ ನಿನ್ನ ಕೈ ಬಿಸಿ ಅಂತಿದ್ದ. ಎಲಿಗಲ್ಲ ಅದು, ಗ್ವಾಡಿಗೆ ಇಟ್ಟಿದ್ದ ಕೈ."

ಮೇಡಂ ತಮ್ಮ ಮೇಲಿನ ಸಾಹೇಬರನ್ನು ಕರೆದುಕೊಂಡು ಬಂದ ದಿನ ಪೇಟೆಗೆ ಪೇಟೆಯೇ ಕಟ್ಟೆಯ ಮುಂದೆ ಸೇರಿತ್ತು. ನೋಟೀಸು ಹಚ್ಚಿದ ಕಚೇರಿಯವರೂ ಇದ್ದರು. ಸಾಹೇಬರು ಗೋಡೆಯ ಎಲೆಗಳನ್ನು ಒಂದೊಂದಾಗಿ ಬೆರಳಿಂದ ಸವರಿ ನೋಡಿದರು. ಆದರೆ ಅಕ್ಕನಿಗೆ ಅದು ಸಾಲದು. ಹಿಂದಿನ ವಾರವೇ ಒಳಗಿಟ್ಟಿದ್ದ ಬುಟ್ಟಿಯನ್ನು ಎಲ್ಲರ ಎದುರು ತರಿಸಿ ಅರಿವೆ ಸರಿಸಿದಳು. ತೋಟದಿಂದ ಈಗ ಬಂದಂತೆ ಹಸಿರು. ಒಂದು ಎಲೆ ಎತ್ತಿ ಮಡಿಚಿದಳು. ಪಟ್ಟನೆ ಮುರಿಯಿತು.

"ಏನಂತೀರ್ರೀ ಸಾಹೇಬ್ರ? ಗ್ವಾಡಿ ಸತ್ತೈತೋ, ಬದುಕೈತೋ?"

ಸಾಹೇಬರು ಎಲೆ ಬಾಯಿಗೆ ಹಾಕಿಕೊಂಡರು. "ನನಗಿಂತ ಗಟ್ಟಿ ಅದ ಬಿಡ್ರಿ" ಎಂದರು. ಪೇಟೆ ಸಿಳ್ಳೆ ಹೊಡೆಯಿತು. ನೋಟೀಸು ಹಚ್ಚಿದ್ದ ಗುಮಾಸ್ತರೇ ನಾಚಿಕೊಂಡು ಅದನ್ನು ಉಗುರಿನಿಂದ ಕೆರೆದು ತೆಗೆದರು. ಅಕ್ಕ ಅವರಿಗೂ ಒಂದು ಬೀಡಾ ಕಟ್ಟಿಕೊಟ್ಟಳು.

ಕಾಗದಪತ್ರ ಮುಗಿದು, ಕಟ್ಟಡ ಸಂರಕ್ಷಿತವೆಂದು ಫಲಕ ನೆಟ್ಟ ದಿನ ಸಣ್ಣ ಸಮಾರಂಭ ನಡೆಯಿತು. ಭಾಷಣ ಮಾಡಿದ ಅತಿಥಿಗಳು, "ಈ ತಾಯಿ ಗೋಡೆ ಕೆಡಿಸಿದ್ದೂ ಹೌದು, ಉಳಿಸಿದ್ದೂ ಹೌದು. ಆದರೆ ಅವರ ತಮ್ಮ ಮೊದಲೇ ಬೇಡ ಅಂದಿದ್ದರು. ಅವರಿಗೊಂದು ಚಪ್ಪಾಳೆ" ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು, ಯಾರೋ ಶಾಲು ಹೊದಿಸಿದರು. ನಾನು ಎದ್ದು ಕೈ ಮುಗಿದೆ. ಹೌದು, ಕೈ ಮುಗಿದೆ. ಅಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆಯುತ್ತಿದ್ದಳು. ಮನೆಗೆ ಬರುವಾಗ ನನ್ನ ಪಕ್ಕೆ ತಿವಿದು, "ಶಾಲು ಛಂದ ಕಾಣತಿತ್ತೋ ನಿನಗ" ಎಂದಳು. ಅವಳ ನಗುವಿನಲ್ಲಿ ಒಂದು ಮುಳ್ಳೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಮಾತು ಹಬ್ಬಿ ನನಗೆ ಹೆಸರು ಬಂತು. ಸುಣ್ಣದ ಮರ್ಮ ಬಲ್ಲ ಗೌಂಡಿ ಎಂದು ಹಾನಗಲ್, ಹಿರೇಕೆರೂರು ಕಡೆಯಿಂದ ಹಳೆಯ ಗೋಡೆಗಳ ಕೆಲಸ ಬಂದವು. ಹೋದಲ್ಲೆಲ್ಲ ಜನ, "ನಿಮ್ಮಕ್ಕ ನಿಮ್ಮ ಮಾತು ಕೇಳಬೇಕಿತ್ರಿ" ಎನ್ನುತ್ತಿದ್ದರು. ನಾನು ಗಾರೆ ಕಲೆಸುತ್ತ ಹೂಂ ಎನ್ನುತ್ತಿದ್ದೆ. ಹೇಳಬೇಕು, ನಾಳೆ ಹೇಳಬೇಕು ಎನ್ನುವುದರೊಳಗೆ ಅಕ್ಕ ಹೋಗಿಬಿಟ್ಟಳು. ಮಧ್ಯಾಹ್ನ ಗಾದಿಗೆ ಒರಗಿ ಕಣ್ಣು ಮುಚ್ಚಿದ್ದಳು. ಗಿರಾಕಿಗಳು ನಿದ್ದೆ ಎಂದುಕೊಂಡು ಎಬ್ಬಿಸದೆ ಕಾಯುತ್ತ ಕುಳಿತಿದ್ದರು.

ಈಗ ಅವಳ ಮಗಳು ಮಾಸೂರಿನಿಂದ ಬಂದು ಗಾದಿಯ ಮೇಲೆ ಕುಳಿತಿದ್ದಾಳೆ. ಹೋದ ತಿಂಗಳು ಹುಬ್ಬಳ್ಳಿಯಿಂದ ಕಟ್ಟಡ ಕಟ್ಟುವ ವಿದ್ಯೆ ಓದುವ ಹುಡುಗ ಹುಡುಗಿಯರು ಬಂದರು. ಅವಳು ಒಳಕೋಣೆ ತೋರಿಸುತ್ತ, ಉಳಿಯ ಕಚ್ಚು ಬಿದ್ದ ಎಲೆಗಳ ಹತ್ತಿರ ಬಂದಾಗ ದನಿ ತಗ್ಗಿಸಿ, "ಇದೊಂದು ನಮ್ಮವ್ವಂದು ಹಟ ನೋಡ್ರಿ. ಮಾಮಾ ಬ್ಯಾಡಂದ್ರೂ ಕೇಳಲಿಲ್ಲ" ಎಂದಳು. ಹುಡುಗರು ಬರೆದುಕೊಳ್ಳತೊಡಗಿದರು. ತಾಯಿಯ ಪರವಾಗಿ ಅವಳ ಮುಖ ಕೆಂಪಾಗಿತ್ತು. ಬಂದವರ ಎದುರು ಪ್ರತಿ ಸಲವೂ ಹೀಗೆ ಕೆಂಪಾಗುತ್ತಿರಬೇಕು ಎಂದು ನನಗೆ ಆಗ ಹೊಳೆಯಿತು.

"ಅಳಿಸಿರಿ ಅದನ್ನ" ಎಂದೆ. "ಆಕಿ ಊರಾಗ ಇರಲಿಲ್ಲ. ಯಾರನ್ನೂ ಕೇಳದ ನಾನ ಬಡದೆ. ಆಮ್ಯಾಲೆ ಸತ್ತ ಅಪ್ಪನ ಮ್ಯಾಲೆ ಹಾಕಿದೆ. ಆಕಿ ಅದನ್ನ ತನ್ನ ಮ್ಯಾಲೆ ತಗೊಂಡ್ಲು."

ಒಬ್ಬ ಹುಡುಗಿ ಪೆನ್ನು ಎತ್ತಿ, "ಮತ್ತ ಇಷ್ಟು ದಿನ ಯಾಕ ಹೇಳಲಿಲ್ರಿ ಅಜ್ಜಾರ?" ಎಂದಳು.

"ಶಾಬಾಸಕಿ ರುಚಿ ಹತ್ತಿತ್ತವಾ."

ಅಕ್ಕನ ಮಗಳು ನನ್ನನ್ನೇ ನೋಡುತ್ತಿದ್ದಳು. ಬೈಯಲಿ ಎಂದು ಕಾದೆ. "ಅಂದ್ರ ನಮ್ಮವ್ವ ತಪ್ಪೇ ಮಾಡಿಲ್ಲ?" ಎಂದಳು.

"ಒಂದೂ ಮಾಡಿಲ್ಲ."

ಅವಳು ಹುಡುಗರನ್ನೂ ನನ್ನನ್ನೂ ಅಲ್ಲೇ ಬಿಟ್ಟು ಹೊರಗೆ ಓಡಿದಳು. ಕಟ್ಟೆಯ ಮೇಲೆ ನಿಂತು, ಇಡೀ ಓಣಿಗೆ ಕೇಳುವಂತೆ, ಮದುವೆ ಸುದ್ದಿ ಹೇಳುವವಳ ಹಾಗೆ ಕೂಗಿದಳು: "ಕೇಳ್ರೆಪಾ ಎಲ್ಲಾರೂ! ನಮ್ಮವ್ವ ಗ್ವಾಡಿ ಕೆಡಿಸಿಲ್ಲ! ಉಳಿಸಿದ್ದಷ್ಟ ಆಕಿ!"

ಎದುರಿನ ಖಾರದ ಅಂಗಡಿಯವ ಕರಿಯುತ್ತಿದ್ದುದನ್ನು ಬಿಟ್ಟು ಹೊರಗೆ ಬಂದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. "ಭೇಷ್ ಆತು ಬಿಡವಾ" ಎಂದು ಅವನು ನಕ್ಕ. "ಮತ್ತ ಕೆಡಿಸಿದವರು ಯಾರು?"

ಅಕ್ಕನ ಮಗಳು ತಿರುಗಿ ಒಳಗೆ ನೋಡಿದಳೇ ಹೊರತು ಬೆರಳು ಮಾಡಲಿಲ್ಲ. ನಾನೇ ಹೊರಗೆ ಬಂದು, ಅವಳ ಪಕ್ಕ ಕಟ್ಟೆಯ ತುದಿಗೆ ನಿಂತು, ಬಾಯಿ ತುಂಬ ಹೇಳಿದೆ.

"ನಾನ್ರೀ."